ಬಿಸಿಗೆ ಗಟ್ಟಿಯಾಗುವ ಹುಣಸೆಬೀಜದ ಲೋಳೆ

ಬಿಸಿಗೆ ಕರಗುವುದು, ತಂಪಿಗೆ ಗಟ್ಟಿಯಾಗುವುದು ವಸ್ತುಗಳ ಸಹಜ ಗುಣವೆಂದು ತುಪ್ಪ ಮತ್ತು ತೆಂಗಿನೆಣ್ಣೆಯನ್ನು ನೋಡಿ ನಾವು ನಂಬಿಬಿಟ್ಟಿದ್ದೇವೆ. ಚೈನಾಗ್ರಾಸ್, ಅಂದರೆ ಕಡಲಪಾಚಿಯ ಅಗರ್, ಈ ನಂಬಿಕೆಯನ್ನು ಅಲುಗಿಸುವುದಿಲ್ಲ. ಕುದಿಸಿದ ಅಗರ್ 40 ಡಿಗ್ರಿಯ ಕೆಳಗೆ ತಣಿದಾಗ ಗಟ್ಟಿಯಾಗುತ್ತದೆ. ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ಸೂಕ್ಷ್ಮಾಣು ಬೆಳೆಸುತ್ತಿದ್ದ ಜೆಲಾಟಿನ್ ದೇಹದ ಬಿಸಿಗೆ ಕರಗಿ ತೊಂದರೆ ಕೊಡುತ್ತಿದ್ದ ಕಾಲದಲ್ಲಿ, 1881ರ ಸುಮಾರಿಗೆ, ಅದರ ಬದಲು ಅಗರ್ ಬಳಸಬಹುದೆಂದು, ಜರ್ಮನಿಯಲ್ಲಿ ಪತಿಯ ಸೂಕ್ಷ್ಮಾಣು ಸಂಶೋಧನೆಗೆ ನೆರವಾಗುತ್ತಿದ್ದ ಫ್ಯಾನಿ ಹೆಸ್ಸೆ ತಮ್ಮ ಅಡುಗೆಯ ಅನುಭವದಿಂದ ಸೂಚಿಸಿದ್ದು ಈ ಗುಣದಿಂದಾಗಿಯೇ. ಇನ್ನು ಕಾಸರಗೋಡಿನ ತೋಟಗಳಲ್ಲಿ ಹಬ್ಬುವ ಹಾಡೆಬಳ್ಳಿಯ ಎಲೆಯನ್ನು ತಣ್ಣೀರಿನಲ್ಲಿ ಕಿವುಚಿ ಸೋಸಿಟ್ಟರೆ, ಒಲೆಯ ಹಂಗಿಲ್ಲದೆಯೇ ಅದು ಹೆಪ್ಪುಗಟ್ಟುತ್ತದೆ. ಅದು ಎಲೆಯಲ್ಲಿರುವ ಪೆಕ್ಟಿನ್ ಎಂಬ ಲೋಳೆವಸ್ತುವಿನ ಕೆಲಸ.

ವೈದ್ಯಕೀಯಕ್ಕೆ ಬೇಕಾದದ್ದು ಇದಕ್ಕೆ ತೀರಾ ವಿರುದ್ಧವಾದ ಗುಣ: ತಂಪಿನಲ್ಲಿ ಸೂಜಿಯೊಳಗೆ ಹರಿಯಬೇಕು, 37 ಡಿಗ್ರಿಯ ದೇಹ ಸೇರಿದೊಡನೆ ಗಟ್ಟಿಯಾಗಿ ಔಷಧವನ್ನು ನಿಧಾನವಾಗಿ ಬಿಡಬೇಕು.

ಸಸ್ಯದ ಸೆಲ್ಯುಲೋಸಿಗೆ ಮೀಥೈಲ್ ಗುಂಪುಗಳನ್ನು ಜೋಡಿಸಿ ಪಡೆಯುವ ಮೀಥೈಲ್ ಸೆಲ್ಯುಲೋಸ್ ಇಂಥದ್ದು. ನೀರಿಗೆ ಒಗ್ಗದ ಈ ಗುಂಪುಗಳ ಸುತ್ತ ತಂಪಿನಲ್ಲಿ ನೀರಿನ ಅಣುಗಳು ಶಿಸ್ತಿನ ಕವಚ ಕಟ್ಟುತ್ತವೆ. ನೇಜಿ ನೆಡುವ ಹೆಂಗಸರನ್ನು ನೆನೆಯಿರಿ: ಮಳೆಯಲ್ಲಿ ಬೆನ್ನ ಮೇಲೆ ಗೊರಬೆ (ಎಲೆಯಿಂದ ಹೆಣೆದ ಮಳೆಗಾಪು) ಇರುವಷ್ಟು ಹೊತ್ತು ಒಬ್ಬರಿಗೊಬ್ಬರು ತಾಗಿ ನಿಲ್ಲಲಾರರು, ಮಳೆ ನಿಂತು ಗೊರಬೆ ಇಳಿಸಿದರೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬಲ್ಲರು. ಬಿಸಿ ಏರಿದಂತೆ ನೀರಿನ ಗೊರಬೆ ಸಡಿಲವಾಗುತ್ತದೆ, ಮೀಥೈಲ್ ಗುಂಪುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸರಪಳಿಗಳ ಬಲೆಯೊಳಗೆ ನೀರು ಸೆರೆಯಾಗುತ್ತದೆ. ಬರಿಯ ನೀರಿನಲ್ಲಿ ಇದಕ್ಕೆ 50 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಉಪ್ಪು ಸೇರಿಸಿದರೆ ಆ ಅಂಕಿ ಕೆಳಗಿಳಿಯುತ್ತದೆ.

ಹುಣಸೆಬೀಜದ ಲೋಳೆಯಾದ ಕ್ಸೈಲೋಗ್ಲೂಕನ್ ನನಗೆ ಇನ್ನೂ ಪ್ರಿಯ. ಅದರ ಬೆನ್ನೆಲುಬು ಸೆಲ್ಯುಲೋಸಿನದೇ. ಪಕ್ಕಕ್ಕೆ ಕ್ಸೈಲೋಸ್ ಎಂಬ ಸಕ್ಕರೆಯ ಗೆಲ್ಲುಗಳು, ಕೆಲವು ಗೆಲ್ಲುಗಳ ತುದಿಯಲ್ಲಿ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ. ಗೆಲ್ಲು ಸವರದ ಸೌದೆಯನ್ನು ಬಿಗಿಯಾಗಿ ಹೊರೆ ಕಟ್ಟಲು ಆಗುವುದಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಕಿಣ್ವದಿಂದ ಗ್ಯಾಲಕ್ಟೋಸಿನ ಸುಮಾರು 35 ಶೇಕಡವನ್ನು ಸವರಿದರೆ ಸರಪಳಿಗಳು 40 ಡಿಗ್ರಿಯ ಹೊತ್ತಿಗೆ ಹೊರೆಗಟ್ಟುತ್ತವೆ. 58 ಶೇಕಡ ಸವರಿದರೆ 5 ಡಿಗ್ರಿಯಲ್ಲೇ! ಹದ ತಪ್ಪಿ ಹೆಚ್ಚು ಸವರಿದ ದ್ರಾವಣ, ನಮ್ಮೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ರೋಗಿಯನ್ನು ಮುಟ್ಟುವ ಮೊದಲೇ ಸಿರಿಂಜಿನೊಳಗೆ ಗಟ್ಟಿಯಾದೀತು.

ಹುರಿದ ಹುಣಸೆಬೀಜದ ಪುಡಿ ತಿಂದರೆ ಅದರ ಲೋಳೆಯಿಂದ ಮೊಣಕಾಲಿನ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಂದು ವಾಟ್ಸಾಪಿನಲ್ಲಿ ಸಾರುವವರು ಈ ಸವರುವಿಕೆಯನ್ನು ಮರೆತಿರುತ್ತಾರೆ. ಬೀಜದಲ್ಲಿರುವುದು ಗ್ಯಾಲಕ್ಟೋಸ್ ಕಳಚದ ಕ್ಸೈಲೋಗ್ಲೂಕನ್, ಅದು ದೇಹದ ಬಿಸಿಗೆ ಗಟ್ಟಿಯಾಗುವುದಿಲ್ಲ. ಅದನ್ನು ತುಂಡರಿಸುವ ಕಿಣ್ವ ನಮ್ಮ ಜೀರ್ಣರಸಗಳಲ್ಲಿ ಇಲ್ಲದಿರುವುದರಿಂದ, ನುಂಗಿದ ಪುಡಿಯ ಲೋಳೆ ರಕ್ತಕ್ಕೆ ಸೇರದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಗಳ ಊಟವಾಗುತ್ತದೆ.