ಲಕ್ಸೆಂಬರ್ಗಿನ 40 ಟನ್

ಯುರೋಪಿನ ದೇಶಗಳ ತಲಾ ಇಂಗಾಲದ ಡೈಆಕ್ಸೈಡ್ ಪಟ್ಟಿ ಹಿಡಿದು 'ನೋಡಿ, ಸೈಕಲ್ ತುಳಿದು ಎಷ್ಟು ಇಳಿಸಿದ್ದಾರೆ!' ಎನ್ನುವವರು ಸಿಗುತ್ತಲೇ ಇರುತ್ತಾರೆ. ಅಂಥವರು ಒಮ್ಮೆ ಲಕ್ಸೆಂಬರ್ಗ್ ಸಾಲು ನೋಡಬೇಕು. 1970ರಲ್ಲಿ ತಲೆಗೆ ಹತ್ತಿರ ಹತ್ತಿರ 40 ಟನ್. ಈಗ 11ರ ಆಸುಪಾಸು. (ನಮ್ಮಲ್ಲಿ ಸುಮಾರು 2.) ಆಗಿನ ಜನ ಮನೆಮನೆಯಲ್ಲೂ ಕಲ್ಲಿದ್ದಲು ಗುಡ್ಡೆ ಹಾಕಿ ಸುಡುತ್ತಿದ್ದರಾ?

ಇಲ್ಲ, ಉಕ್ಕು ಮಾಡುತ್ತಿದ್ದರು. 1974ರಲ್ಲಿ ಈ ಪುಟ್ಟ ದೇಶ 64 ಲಕ್ಷ ಟನ್ ಉಕ್ಕು ತೆಗೆಯಿತು. ಜನಸಂಖ್ಯೆ ಮೂರೂವರೆ ಲಕ್ಷ. ತಲೆಗೆ 18 ಟನ್! ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಒಂದು ಟನ್ ಉಕ್ಕಿಗೆ ಎರಡು ಟನ್ ಸಮೀಪ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗುಣಿಸಿ ನೋಡಿ.

ಈ ಕುಲುಮೆಗೆ ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಮಾಡಿದ ಇಂಗಾಲ, ಬೇಕಾಗುವುದು ಕಾಯಿಸಲಿಕ್ಕೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕವನ್ನು ಕಚ್ಚಿಕೊಂಡು ಕೂತಿರುತ್ತದೆ. ಅದನ್ನು ಬಿಡಿಸುವ ಕೆಲಸವೂ ಇಂಗಾಲದ್ದೇ. ಕೋಕ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದು ಅದಿರಿನ ಆಮ್ಲಜನಕ ಎಳೆದುಕೊಂಡು ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಬರೀ ಈ ಒಂದು ಕ್ರಿಯೆಯಲ್ಲೇ 112 ಕಿಲೋ ಕಬ್ಬಿಣಕ್ಕೆ 132 ಕಿಲೋ ಅನಿಲ. ಗುಜರಿ ಕಬ್ಬಿಣ ಕರಗಿಸಿದರೆ ಈ ಗೋಜೇ ಇಲ್ಲ, ಅದರ ಆಮ್ಲಜನಕ ಎಂದೋ ಹೋಗಿರುತ್ತದೆ.

1990ರ ದಶಕದಲ್ಲಿ ಲಕ್ಸೆಂಬರ್ಗ್ ಗುಜರಿ ಕರಗಿಸುವ ವಿದ್ಯುತ್ ಕುಲುಮೆಗಳಿಗೆ ಹೊರಳಿತು. 1997ರಲ್ಲಿ ಬೆಲ್ವಾಲ್‌ನಲ್ಲಿ ಕೊನೆಯ ಊದುಕುಲುಮೆ ಆರಿತು. ತಲಾ ಅಂಕಿ 18ರ ಹತ್ತಿರಕ್ಕೆ ಬಿತ್ತು. ಬೆಲ್ವಾಲ್‌ನ ಎರಡು ಕುಲುಮೆಗಳು ಇನ್ನೂ ನಿಂತಿವೆ, ಸುತ್ತ ವಿಶ್ವವಿದ್ಯಾಲಯ ಎದ್ದಿದೆ. ಮೂರನೆಯದನ್ನು ಬಿಚ್ಚಿ ಚೀನಾದ ಕುನ್ಮಿಂಗ್‌ಗೆ ಮಾರಿದರು! ಕುಲುಮೆಯ ಜತೆಗೆ ಅದರ ಹೊಗೆಯ ಲೆಕ್ಕವೂ ಚೀನಾದ್ದಾಯಿತು.

ಎಲ್ಲ ಇಳಿಕೆಯೂ ಹೀಗಲ್ಲ, ಬಿಡಿ. ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಅದು ನಿಜವಾದ ಇಳಿಕೆಯೇ.

ಲಕ್ಸೆಂಬರ್ಗಿನ ಅಂಕಿ ಮಾತ್ರ 2000ದ ನಂತರ ಕೆಲವು ವರ್ಷ ಮತ್ತೆ ಏರಿತು. ಅಲ್ಲಿ ಡೀಸೆಲ್ ಮೇಲಿನ ತೆರಿಗೆ ಕಡಿಮೆ. ಹಾಗಾಗಿ ಅಕ್ಕಪಕ್ಕದ ದೇಶಗಳ ಲಾರಿಗಳು ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಇಂಧನ ಮಾರಾಟವಾದ ದೇಶದ ಹೆಸರಿಗೇ ಹೊಗೆ ಜಮಾ, ಅದು ಫ್ರಾನ್ಸ್ ಹೆದ್ದಾರಿಯಲ್ಲಿ ಉರಿದರೂ ಸರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಲ್ವಾ? ಇದರ ಮೇಲೆ ದಿನಾ ಗಡಿ ದಾಟಿ ಕೆಲಸಕ್ಕೆ ಬರುವವರು ಎರಡು ಲಕ್ಷಕ್ಕೂ ಜಾಸ್ತಿ. ಅವರು ಅಲ್ಲಿ ತುಂಬಿಸಿದ ಪೆಟ್ರೋಲು ಲೆಕ್ಕಕ್ಕೆ ಬರುತ್ತದೆ. ತಲೆ ಎಣಿಸುವಾಗ ಅವರಿಲ್ಲ.