ಭೂಮಿ ಕೇಳಿ ಸೋತರೆ ಕೋರ್ಟ್ ಖರ್ಚು ಯಾರ ತಲೆಗೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಆಸ್ಟ್ರೇಲಿಯಾದಲ್ಲಿ ಸೋತವನ ಪಾಡು ನಿಜಕ್ಕೂ ಹಾಗೇ. ತನ್ನ ವಕೀಲರ ಫೀಸಿನ ಜೊತೆ ಎದುರಾಳಿಯ ಖರ್ಚಿನಲ್ಲೂ ದೊಡ್ಡ ಪಾಲು ಕಟ್ಟಬೇಕು. ಮೂಲನಿವಾಸಿಗಳು ಪೂರ್ವಜರ ಭೂಮಿ ಕೇಳಿದಾಗಲೂ ಇದೇ ಲೆಕ್ಕ ಹಿಡಿದರೆ?

1992ರಲ್ಲಿ ಮಾಬೊ ಅನ್ನುವ ಕೇಸಿನ ತೀರ್ಪು ಬರುವವರೆಗೆ ಅಂಥ ಹಕ್ಕನ್ನೇ ಅಲ್ಲಿನ ಹೈಕೋರ್ಟ್ (ಆ ದೇಶದ ಅತ್ಯುನ್ನತ ಕೋರ್ಟು ಅದೇ) ಒಪ್ಪಿರಲಿಲ್ಲ. ಮರುವರ್ಷ ನೇಟಿವ್ ಟೈಟಲ್, ಅಂದರೆ ಪೂರ್ವಜರ ಭೂಮಿಯ ಮೇಲೆ ಮೂಲನಿವಾಸಿಗಳ ಹಕ್ಕಿನ ಕಾಯ್ದೆ ಬಂತು. ಈ ಕೇಸುಗಳ ಗಾತ್ರವೇ ಬೇರೆ. ಒಂದೇ ಅರ್ಜಿಗೆ ರಾಜ್ಯ ಸರ್ಕಾರ, ಗಣಿ ಕಂಪನಿ, ಸಾವಿರಾರು ಎಕರೆಯಲ್ಲಿ ದನ ಮೇಯಿಸುವ ಗುತ್ತಿಗೆದಾರರು, ಊರಿನ ಕೌನ್ಸಿಲ್ ಎಲ್ಲ ಪ್ರತಿವಾದಿಗಳು, ಹಿರಿಯರ ಸಾಕ್ಷಿ ಕೇಳಲು ಜಡ್ಜು, ವಕೀಲರೆಲ್ಲ ಎಷ್ಟೋ ಸಲ ಆ ನೆಲಕ್ಕೇ ಹೋಗಬೇಕು, ತೀರ್ಪಿಗೆ ಹತ್ತಾರು ವರ್ಷ ಹಿಡಿಯುವುದೂ ಉಂಟು. ಇಷ್ಟೂ ಜನರ ಬಿಲ್ಲು ಸೋತವರ ತಲೆಗೆ ಅಂದರೆ ಯಾರು ಅರ್ಜಿ ಹಾಕ್ತಾರೆ?

1998ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂತು. ಮೂಲನಿವಾಸಿಗಳ ಹಕ್ಕನ್ನು ಮೊಟಕು ಮಾಡಿತು ಅಂತಲೇ ಅದು ಕುಖ್ಯಾತ. ಆದರೆ 85ಎ ಕಲಂ ಸೇರಿದ್ದೂ ಅದರಲ್ಲೇ. ಕೋರ್ಟ್ ಬೇರೆ ಹೇಳದಿದ್ದರೆ ಅವರವರ ಖರ್ಚು ಅವರವರದೇ. ಯಾರಾದರೂ ಅತಿರೇಕಕ್ಕೆ ಹೋಗಿ ಇನ್ನೊಬ್ಬರಿಗೆ ಖರ್ಚು ತಂದಿಟ್ಟರೆ ಅವರಿಂದ ಕಟ್ಟಿಸಬಹುದು. ಗೆದ್ದವರಿಗೂ ಖರ್ಚು ವಾಪಸ್ ಬರುವುದಿಲ್ಲ ಅನ್ನುವುದು ಇದರ ಇನ್ನೊಂದು ಮುಖ.

ತೊಡಕು ಇರುವುದು ಬೇರೆ ಕಡೆ. ಗಣಿ ಪರವಾನಗಿ ತಪ್ಪು, ಕಂಪನಿ ಜೊತೆಗಿನ ಒಪ್ಪಂದ ಸರಿಯಿಲ್ಲ ಅಂತ ಕೋರ್ಟಿಗೆ ಹೋದರೆ ಅದೇ ಹಳೇ ಲೆಕ್ಕ ಕಾದು ಕೂತಿರಬಹುದು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮೂಲನಿವಾಸಿ ಮುಖಂಡ ಏಡ್ರಿಯನ್ ಬರಗುಬ್ಬ ಅವರಿಗೆ ಆದದ್ದು ಅದೇ. ಅವರು ಹೋರಾಡಿದ್ದು ಕಾರ್ಮೈಕೆಲ್ ಕಲ್ಲಿದ್ದಲು ಗಣಿಯ ವಿರುದ್ಧ, ಎದುರಿಗಿದ್ದದ್ದು ನಮಗೆಲ್ಲ ಗೊತ್ತಿರುವ ಅದಾನಿ (ಈಗ ಮಂಗಳೂರು ವಿಮಾನ ನಿಲ್ದಾಣವೂ ಅವರದೇ ಕೈಯಲ್ಲಿದೆ). ಸಮುದಾಯದೊಳಗೇ ಒಡಕಿತ್ತು. 2016ರ ಸಮುದಾಯದ ಸಭೆಯಲ್ಲಿ ಅದಾನಿ ಜೊತೆಗಿನ ಒಪ್ಪಂದದ ಪರ 294 ಮತ, ವಿರುದ್ಧ ಒಂದೇ ಒಂದು. ಆ ಸಭೆಯನ್ನೇ ಒಪ್ಪುವುದಿಲ್ಲ ಅಂದರು ವಿರೋಧಿಗಳು. ಒಂದರ ಹಿಂದೊಂದು ಕೇಸು ಸೋತರು. ಕೋರ್ಟ್ ಖರ್ಚಿನ ಬಾಕಿ ಸುಮಾರು 6 ಲಕ್ಷ ಆಸ್ಟ್ರೇಲಿಯನ್ ಡಾಲರ್ ಆಯಿತು. ಕಂಪನಿ ಬಿಡಲಿಲ್ಲ, 2019ರಲ್ಲಿ ಬರಗುಬ್ಬ ದಿವಾಳಿ ಅಂತ ಘೋಷಣೆಯಾಯಿತು. ಕಾನೂನಿನ ಪ್ರಕಾರ ಕಂಪನಿಗೆ ಆ ಹಕ್ಕಿತ್ತು, ಸರಿ. ಆದರೆ ಅಷ್ಟು ದೊಡ್ಡ ಗಣಿ ತೋಡುವವರಿಗೆ ಆ ದುಡ್ಡು ಯಾವ ಲೆಕ್ಕ? ಮುಂದೆ ಕೋರ್ಟ್ ಮೆಟ್ಟಿಲು ಹತ್ತುವವರಿಗೆ ಅದು ಎಚ್ಚರಿಕೆ, ಅಲ್ವಾ?

ಈಚೆಗೆ ವಕೀಲರಿಗೂ ಬಿಸಿ ತಟ್ಟಿದೆ. ಸಾಂಟೋಸ್ ಕಂಪನಿಯ ಸಮುದ್ರದಡಿಯ ಗ್ಯಾಸ್ ಪೈಪ್‌ಲೈನ್ ವಿರುದ್ಧ ತಿವಿ (Tiwi) ದ್ವೀಪದ ಮೂಲನಿವಾಸಿಗಳು ಹೂಡಿದ್ದ ಕೇಸು 2024ರ ಜನವರಿಯಲ್ಲಿ ಬಿದ್ದುಹೋಯಿತು. ಅದು ನೇಟಿವ್ ಟೈಟಲ್ ದಾವೆಯಲ್ಲ, ಹಾಗಾಗಿ 85ಎ ನೆರಳು ಅಲ್ಲಿರಲಿಲ್ಲ. ಅವರ ಪರ ವಾದಿಸಿದ್ದ ಎನ್ವಿರಾನ್ಮೆಂಟಲ್ ಡಿಫೆಂಡರ್ಸ್ ಆಫೀಸ್ ಅನ್ನುವ ಪರಿಸರ ವಕೀಲರ ಸಂಸ್ಥೆ ಅದೇ ವರ್ಷ ನವೆಂಬರಿನಲ್ಲಿ ಕಂಪನಿಗೆ 90 ಲಕ್ಷ ಡಾಲರಿಗೂ ಜಾಸ್ತಿ ಕೊಡಬೇಕೆಂದು ಆದೇಶವಾಯಿತು.