ಕುಟ್ಟಾಣಿಗೆ ಹಾಕಬಾರದ ಮಾತ್ರೆ

ಸಕಲೇಶಪುರದ ಕಡೆಯ ಸೊಸೆಯೊಬ್ಬರು ಮಳೆಗಾಲದ ಒಂದು ಮಧ್ಯಾಹ್ನ ಫೋನ್ ಮಾಡಿದ್ದರು. 'ಡಾಕ್ಟ್ರೇ, ಮಾವನೋರು ಎಷ್ಟು ಕೂಗಿದ್ರೂ ಕಣ್ಣು ಬಿಡ್ತಿಲ್ಲ.' ಬಾಯಿ ಕ್ಯಾನ್ಸರ್ ಇದ್ದ ಹಿರಿಯರು. ನಾನು ಬರೆದುಕೊಟ್ಟಿದ್ದ 30 ಮಿ.ಗ್ರಾಂನ ಮಾರ್ಫಿನ್ ಎಂಬ ಕಡುನೋವಿನ ಮಾತ್ರೆ ನುಂಗಲಾಗುತ್ತಿಲ್ಲವೆಂದು, ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಪುಡಿ ಮಾಡಿ ರಾಗಿ ಗಂಜಿಗೆ ಬೆರೆಸಿ ಕುಡಿಸಿದ್ದರು. ಅಕ್ಕರೆಯಿಂದ ಮಾಡಿದ್ದು. ಆದರೆ ಅದು ಹನ್ನೆರಡು ಗಂಟೆ ಹೊತ್ತು ನಿಧಾನವಾಗಿ ಕರಗಬೇಕಾದ ಎಸ್‌ಆರ್ (ಸಸ್ಟೇನ್ಡ್ ರಿಲೀಸ್) ಮಾತ್ರೆ. ಕುಟ್ಟಬಾರದೆಂದು ಬಿಡಿಸಿ ಹೇಳಬೇಕಾದವನು ನಾನು, ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಹಾಸನಕ್ಕೆ ಕರೆತಂದರು. ಮಾರ್ಫಿನ್ ಪರಿಣಾಮ ಇಳಿಸುವ ನಲಾಕ್ಸೋನ್ ಮದ್ದು ಮತ್ತೆ ಮತ್ತೆ ಕೊಡುತ್ತಾ ರಾತ್ರಿಯಿಡೀ ಉಸಿರು ಎಣಿಸಿದೆವು. ಉಳಿದುಕೊಂಡರು.

ಮಾರ್ಫಿನ್ ಮಾತ್ರೆ ಎರಡು ಬಗೆ, ಸಾದಾ ಮತ್ತು ಎಸ್‌ಆರ್. ಎರಡರಲ್ಲೂ ಇರುವುದು ಅದೇ ಮಾರ್ಫಿನ್. ಸಾದಾ ಮಾತ್ರೆ ಅರ್ಧ ಗಂಟೆಯೊಳಗೆ ಕೆಲಸ ಶುರುಮಾಡಿ, ಸುಮಾರು ಒಂದು ಗಂಟೆಗೆ ಪೂರ್ತಿ ಏರಿ, ನಾಲ್ಕು ಗಂಟೆಗೆ ಇಳಿಯುತ್ತದೆ. ಎಸ್‌ಆರ್ ಮಾತ್ರೆ ತೋಟಕ್ಕೆ ಹಾಕಿದ ಡ್ರಿಪ್ ಇದ್ದಂತೆ, ಔಷಧಿಯನ್ನು ತೊಟ್ಟು ತೊಟ್ಟಾಗಿ ಬಿಡುತ್ತದೆ. ಅದನ್ನು ಕುಟ್ಟಿದರೆ, ಜಗಿದರೆ, ಕೆರೆಯ ತೂಬು ಎತ್ತಿದ ಹಾಗೆ. ಅರ್ಧ ದಿನದ ಮದ್ದು ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ.

ಹಾಗಾಗಿ ನಾವು ಸಾಮಾನ್ಯವಾಗಿ ಸಾದಾ ಮಾತ್ರೆಯಿಂದಲೇ ಶುರುಮಾಡುತ್ತೇವೆ. ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂನಿಂದ ನೋವು ಹಿಡಿತಕ್ಕೆ ಬಂತು ಎನ್ನಿ, ದಿನಕ್ಕೆ 60 ಆಯಿತು. ಆಗ ಅದನ್ನೇ 30ರ ಎರಡು ಎಸ್‌ಆರ್ ಆಗಿ ಬೆಳಿಗ್ಗೆ, ರಾತ್ರಿ ಕೊಡಬಹುದು. ನಡುವೆ ನೋವು ಭುಗಿಲೆದ್ದರೆ ದಿನದ ಮೊತ್ತದ ಆರನೇ ಒಂದು ಭಾಗ, ಅಂದರೆ 10 ಮಿ.ಗ್ರಾಂ ಸಾದಾ ಮಾತ್ರೆ. ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್ ಒಡೆದು ಹುಟ್ಟುವ ಅಂಶಗಳು ದೇಹದಲ್ಲೇ ಕೂಡಿಕೊಳ್ಳುತ್ತವೆ, ಅವರ ದಾರಿಯೇ ಬೇರೆ.

ಭುಗಿಲೆದ್ದ ನೋವಿಗೆ ಇನ್ನೊಂದು ಎಸ್‌ಆರ್ ನುಂಗಿಸುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಬೇಕಾದ ಹೊತ್ತಿಗೆ ಅದು ಒದಗುವುದಿಲ್ಲ. ಆಮೇಲೆ, ನೋವು ತಣ್ಣಗಾದ ಮೇಲೆ, ಮೊದಲಿನದರ ಮೇಲೆ ಪೇರಿಕೊಂಡು ಮಂಪರು ತರುತ್ತದೆ. ಮಂಪರು ಹೆಚ್ಚುತ್ತಾ ಹೋಗಿ ಎಬ್ಬಿಸುವುದೇ ಕಷ್ಟವಾದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಫೋನ್ ಮಾಡಿ. ಉಸಿರು ಕುಂದುವ ಮುಂಚಿನ ಎಚ್ಚರಿಕೆ ಅದು. ಮಲಬದ್ಧತೆ ಎರಡರಲ್ಲೂ ಇದ್ದದ್ದೇ, ಅದರ ಮಾತ್ರೆ ಮೊದಲ ದಿನದಿಂದಲೇ ಇರಲಿ.

ಇದು ಮಾರ್ಫಿನ್‌ಗೆ ಮಾತ್ರವಲ್ಲ. ಬೆನ್ನುನೋವಿಗೆಂದು ತಂದ ಟ್ರಮಡಾಲ್ ಹಾಳೆಯ ಮೇಲೂ ಎಸ್‌ಆರ್ ಎಂದಿದ್ದರೆ ಮುರಿಯಬೇಡಿ. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಮದ್ದಿನ ಪಟ್ಟಿಯಂತೂ ಇನ್ನೂ ನಿಧಾನ. ಪೂರ್ತಿ ಹಿಡಿಯಲು ಅರ್ಧ ದಿನದಿಂದ ಒಂದು ದಿನ ಬೇಕು, ಮೂರು ದಿನ ಇರುತ್ತದೆ. ಕಾವು ತಗುಲಿದರೆ ಔಷಧಿ ಬೇಗ ಒಳಗಿಳಿಯುತ್ತದೆ. ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಬಚ್ಚಲೊಲೆಯ ಮುಂದೆ ಬೆನ್ನು ಕಾಯಿಸಿಕೊಳ್ಳುವ ಹಿರಿಯರಿಗೆ ಇದನ್ನು ನಾನು ಎರಡೆರಡು ಸಲ ಹೇಳುತ್ತೇನೆ.

ಮಾರ್ಫಿನ್ ಹೆಸರಿಗೇ ಹೆದರಿ ನರಳುವವರು ಈಗಲೂ ಇದ್ದಾರೆ, ನನಗೆ ಸಂಕಟವಾಗುವುದು ಅದಕ್ಕೇ. ಆ ಸೊಸೆ ಹೆದರಲಿಲ್ಲ. ಮಾವನಿಗೆ ಸಾದಾ ಮಾತ್ರೆಗೆ ಬದಲಿಸಿಕೊಟ್ಟೆವು, ಅದನ್ನು ಪುಡಿ ಮಾಡಬಹುದು. ನಾಲ್ಕು ಗಂಟೆಗೊಮ್ಮೆ ಒಂದು, ನಡುರಾತ್ರಿ ಏಳುವುದು ತಪ್ಪಲೆಂದು ಮಲಗುವಾಗ ಎರಡು. ಕ್ಯಾಲೆಂಡರಿನ ಹಿಂಬದಿಯಲ್ಲಿ ಹೊತ್ತು ಗುರುತು ಹಾಕಿಕೊಂಡು, ಕೊನೆಯವರೆಗೂ ಅವರೇ ಕೊಟ್ಟರು.